ಗ್ರಹಣ ಬರೀ ನೆರಳಾದರೆ ಪಂಚಾಂಗದ ರಾಹು ಯಾರು?

ರಾಹು ನುಂಗುತ್ತಾನೆ ಅನ್ನುವ ಪಂಚಾಂಗದವರು ಗ್ರಹಣದ ಹೊತ್ತನ್ನು ಅಷ್ಟು ಸರಿಯಾಗಿ ಹೇಗೆ ಹೇಳುತ್ತಾರೆ ಅಂತ ಕೇಳಿದ್ದೀರಿ. ಅವರು ಲೆಕ್ಕ ಹಾಕುವ ರಾಹುವಿಗೆ ತಲೆಯೂ ಇಲ್ಲ, ಬಾಯಿಯೂ ಇಲ್ಲ. ಅದು ಆಕಾಶದಲ್ಲಿ ಒಂದು ಜಾಗ ಅಷ್ಟೆ.

ಕಥೆ ಗೊತ್ತಲ್ವಾ? ಮೋಹಿನಿ ಅಮೃತ ಬಡಿಸುವಾಗ ಅಸುರನೊಬ್ಬ ದೇವತೆಗಳ ಪಂಕ್ತಿಯಲ್ಲಿ ನುಸುಳಿ ಕೂತ, ಸೂರ್ಯ ಚಂದ್ರರು ಅವನನ್ನು ಹಿಡಿದುಕೊಟ್ಟರು, ಚಕ್ರ ಬಂದು ಕತ್ತು ಹಾರಿಸಿತು. ತಲೆ ರಾಹು, ಮುಂಡ ಕೇತು. ಆ ಸಿಟ್ಟಿಗೆ ಈಗಲೂ ನುಂಗುತ್ತಾನೆ, ಆದರೆ ಕತ್ತಿನ ಕೆಳಗೆ ಏನೂ ಇಲ್ಲದ್ದರಿಂದ ಸೂರ್ಯ ಆಚೆ ಬಂದುಬಿಡುತ್ತಾನೆ. ಕಥೆ ಕಟ್ಟಿದವರು ಜಾಣರು!

ಈಗ ಲೆಕ್ಕಕ್ಕೆ ಬನ್ನಿ. ಚಂದ್ರ ಸೂರ್ಯನಿಗೆ ಅಡ್ಡ ಬರುವುದು ಅಮಾವಾಸ್ಯೆಗೆ ಮಾತ್ರ. ಆದರೂ ಪ್ರತಿ ಅಮಾವಾಸ್ಯೆಗೂ ಗ್ರಹಣ ಇಲ್ಲ, ಯಾಕೆಂದರೆ ಚಂದ್ರನ ದಾರಿ ಸೂರ್ಯನ ದಾರಿಗೆ ಸುಮಾರು 5 ಡಿಗ್ರಿ ಓರೆಯಾಗಿದೆ, ಎರಡೂ ಕೂಡುವುದು ಎರಡೇ ಕಡೆ, ಅಮಾವಾಸ್ಯೆ ಅಲ್ಲಿಗೆ ಹತ್ತಿರ ಬಿದ್ದರೆ ಗ್ರಹಣ. ಪಂಚಾಂಗದ ರಾಹು ಕೇತು ಆ ಎರಡು ಜಾಗಗಳೇ. ಅವು ಹಿಂದಕ್ಕೆ ಸರಿಯುತ್ತಾ 18.6 ವರ್ಷಕ್ಕೆ ಒಂದು ಸುತ್ತು ಬರುತ್ತವೆ. ರಾಹುವಿನದು ಯಾವಾಗಲೂ ವಕ್ರಗತಿ, ರಾಶಿಗೆ ಒಂದೂವರೆ ವರ್ಷ ಅಂತ ಜ್ಯೋತಿಷಿಗಳು ಹೇಳುವುದನ್ನು ಕೇಳಿರುತ್ತೀರಿ. 18.6 ಅನ್ನು 12 ರಾಶಿಗೆ ಹಂಚಿ ನೋಡಿ. ಸೂರ್ಯನನ್ನು ಮುಚ್ಚುವುದು ಚಂದ್ರ, ಚಂದ್ರನನ್ನು ಮುಚ್ಚುವುದು ಭೂಮಿಯ ನೆರಳು ಅಂತ ಆರ್ಯಭಟ ಸುಮಾರು 1,500 ವರ್ಷದ ಹಿಂದೆಯೇ ಬರೆದಿದ್ದಾನೆ.

ನಮ್ಮ ಮಂಡ್ಯದ ಹಳ್ಳಿಗಳಲ್ಲಿ ತಟ್ಟೆಗೆ ನೀರು ಹಾಕಿ ಒನಕೆ ನಿಲ್ಲಿಸುತ್ತಾರೆ, ನಿಂತರೆ ಗ್ರಹಣ ಹಿಡಿದಿದೆ ಅಂತ. ಬುಡ ಸಮವಾಗಿದ್ದರೆ ಒನಕೆ ಯಾವ ದಿನವಾದರೂ ನಿಲ್ಲುತ್ತದೆ, ಸುಮ್ನೆ ನಾಳೆ ನಿಲ್ಲಿಸಿ ನೋಡಿ. ಮೊಸರಿಗೆ ದರ್ಭೆ ಹಾಕುವುದಕ್ಕೆ ನನ್ನ ತಕರಾರಿಲ್ಲ, ಅದಕ್ಕಾಗಿ ಅಜ್ಜಿ ಹತ್ತಿರ ಜಗಳ ಆಡಬೇಡಿ. ಬಸುರಿ ಹೆಂಗಸನ್ನು ಗಂಟೆಗಟ್ಟಲೆ ನೀರೂ ಕೊಡದೆ ಕೂರಿಸಿದರೆ ಮಾತ್ರ ಖಂಡಿತ ಜಗಳ ಆಡಿ.

ಅಪಾಯ ಇರುವುದು ಕಣ್ಣಿಗೆ. ಎಕ್ಸ್‌ರೇ ಫಿಲ್ಮು, ಕೂಲಿಂಗ್ ಗ್ಲಾಸು, ಸಗಣಿ ನೀರಿನಲ್ಲಿ ನೋಡುವುದು ಯಾವುದೂ ಬೇಡ, ಗ್ರಹಣದ ಕನ್ನಡಕವೇ ಬೇಕು. ಅದಿಲ್ಲದಿದ್ದರೆ ಹೊಂಗೆ ಮರದ ಕೆಳಗೆ ಹೋಗಿ ನೆಲ ನೋಡಿ. 2019ರ ಡಿಸೆಂಬರ್ 26ರಂದು ಕೊಡಗಿನ ಕುಟ್ಟದಲ್ಲಿ ಸೂರ್ಯ ಪೂರ್ತಿ ಬಳೆಯ ಹಾಗೆ ಕಂಡಾಗ ಮೈಸೂರಿಗೆ ಸಿಕ್ಕಿದ್ದು ಕುಡುಗೋಲಿನಂಥ ಸೂರ್ಯ, ಎಲೆಗಳ ಸಂದಿಯಿಂದ ಬೀಳುವ ಬಿಸಿಲೂ ಅದೇ ಆಕಾರದಲ್ಲಿರುತ್ತದೆ. ಭಾರತದಲ್ಲಿ ಮುಂದಿನ ಬಳೆ 2031ರ ಮೇ 21ಕ್ಕೆ, ಕೇರಳ ತಮಿಳುನಾಡಿನ ಕಡೆ. ಮಧುರೈಗೆ ಹೋದರೆ ಸಿಗುತ್ತದೆ.