ಪುಎರುಮ್ ಅಂದರೆ ಹುಡುಗ ಅಲ್ಲ, ಹುಡುಗನನ್ನು

ಮೇಡಂ, ನೀವು ಇಲ್ಲಿ ಹಾಕಿರುವ ನಿಮ್ಮ ಲ್ಯಾಟಿನ್ ಅಭ್ಯಾಸದ ಪುಟದ ಫೋಟೋ ನೋಡಿ ನನ್ನ ಹಳೇ ನೋಟ್‌ಬುಕ್ಕೇ ಕಣ್ಣ ಮುಂದೆ ಬಂತು. ‘ಪುಎರುಮ್ ಮಗಿಸ್ತೆರ್ ವೊಕತ್’. ಪ್ರತಿ ಪದದ ಕೆಳಗೆ ಪೆನ್ಸಿಲ್‌ನಲ್ಲಿ ಬಾಯ್, ಟೀಚರ್, ಕಾಲ್ಸ್. ಆಮೇಲೆ ಅದನ್ನು ಜೋಡಿಸಿ ‘ಹುಡುಗ ಮೇಷ್ಟ್ರನ್ನು ಕರೆಯುತ್ತಾನೆ’. ಉಲ್ಟಾ ಆಗಿದೆ. ಕರೆಯುತ್ತಿರುವುದು ಮೇಷ್ಟ್ರು.

ಪದಗಳ ಅರ್ಥ ಮೂರೂ ಸರಿ ಇದೆ. ಮಧ್ಯೆ ಇಂಗ್ಲಿಷ್ ತಂದು ಕೂರಿಸಿದ್ದರಿಂದ ಕೆಟ್ಟಿತು. ಇಂಗ್ಲಿಷಿನಲ್ಲಿ ಮೊದಲು ಬಂದವನೇ ಕರ್ತೃ. ‘ಹುಡುಗನನ್ನು ಮೇಷ್ಟ್ರು ಕರೆದರು’ ಅಂದರೆ ನಮ್ಮಲ್ಲಿ ಯಾರಿಗಾದರೂ ಗೊಂದಲ ಆಗುತ್ತಾ? ಲ್ಯಾಟಿನ್ನೂ ಹಾಗೇ.

ನಾನು ಈಗ ಪದದ ಕೆಳಗೆ ಅರ್ಥ ಬರೆಯುವುದೇ ಇಲ್ಲ. ಕನ್ನಡದ ಪ್ರತ್ಯಯ ಮಾತ್ರ ಬರೆಯುತ್ತೇನೆ. ಪುಎರುಮ್ ಕೆಳಗೆ ‘ಅನ್ನು’. ಮಗಿಸ್ತೆರ್ ಕೆಳಗೆ ‘ಉ’. ವೊಕತ್ ಕೆಳಗೆ ‘ಒಬ್ಬರು’, ಯಾಕೆಂದರೆ ಕೊನೆಯ ತ್ ಏಕವಚನ ಅನ್ನುತ್ತದೆ, ಗಂಡೋ ಹೆಣ್ಣೋ ಹೇಳುವುದಿಲ್ಲ. ಅಂತ್ ಬಂದರೆ ‘ಹಲವರು’. ಇಷ್ಟಾದ ಮೇಲೆ ನಿಘಂಟು ತೆಗೆಯಿರಿ, ಮುಂಚೆ ಬೇಡ. ‘ಮೊದಲು ಕ್ರಿಯಾಪದ ಹುಡುಕಿ’ ಅಂತ ಕೆಲವರು ಹೇಳುತ್ತಾರಲ್ಲ, ಅದನ್ನೂ ಬಿಡಿ. ಕ್ರಿಯಾಪದ ಕೊನೆಗೆ ಬರುವವರೆಗೂ ಕಾಯುವುದು ಹುಟ್ಟಿದಾಗಿಂದ ನಮಗೆ ಅಭ್ಯಾಸ. ಎಡದಿಂದ ಬಲಕ್ಕೆ ಓದುತ್ತಾ ಹೋಗಿ.

ಆದರೆ ಪ್ರತ್ಯಯ ಬರೆದರೆ ಎಲ್ಲಾ ಮುಗಿಯಿತು ಅಂತಲ್ಲ. ನಾನು ಸರಿಯಾಗಿ ಬಿದ್ದದ್ದು ಈ ವಾಕ್ಯದಲ್ಲಿ: ‘ನೌತೈ ಫೀಲಿಯೈ ರೊಸಾಸ್ ದಂತ್’. ಐ ಅಂತ ಮುಗಿಯುವ ರೂಪ ‘ನಾವಿಕರು’ ಆಗಬಹುದು, ‘ನಾವಿಕನ’ ಆಗಬಹುದು, ‘ನಾವಿಕನಿಗೆ’ ಕೂಡ ಆಗಬಹುದು. ನಾನು ‘ನಾವಿಕರು ಮಗಳಿಗೆ ಗುಲಾಬಿ ಕೊಡುತ್ತಾರೆ’ ಅಂತ ಬರೆದು ಕಾಲ ಮೇಲೆ ಕಾಲು ಹಾಕಿ ಕೂತಿದ್ದೆ. ಕಲಿಸುತ್ತಿದ್ದವರು ‘ಹಿಂದಿನ ಸಾಲು ಓದಿದಿರಾ?’ ಅಂತ ಕೇಳಿದರು. ಹಿಂದಿನ ಸಾಲು ‘ನೌತ ಐಗೆರ್ ಎಸ್ತ್’. ನಾವಿಕನಿಗೆ ಹುಷಾರಿಲ್ಲ. ಅಂದರೆ ನಾವಿಕ ಒಬ್ಬನೇ! ಮಗಳಂದಿರು ಅವನಿಗೆ ಗುಲಾಬಿ ಕೊಡುತ್ತಿದ್ದಾರೆ. ಒಂದು ವಾರ ಆ ಗುಲಾಬಿ ನನ್ನ ತಲೆಯಿಂದ ಹೋಗಲಿಲ್ಲ. ಅವತ್ತಿಂದ ಐ ಕಂಡರೆ ಮೂರೂ ಪ್ರತ್ಯಯ ಬರೆದಿಟ್ಟು, ಮುಂದೆ ಓದುತ್ತಾ ಎರಡನ್ನು ಹೊಡೆದು ಹಾಕುತ್ತೇನೆ.

ಅಂದ ಹಾಗೆ ನೌತ ‘ಅ’ ಅಂತ ಮುಗಿಯುವುದರಿಂದ ನೋಡಲು ಹೆಣ್ಣು, ಆದರೆ ಗಂಡು. ಅದಕ್ಕೇ ಐಗೆರ್, ಐಗ್ರ ಅಲ್ಲ. ಅಗ್ರಿಕೊಲ (ರೈತ), ಪೊಏತ (ಕವಿ) ಕೂಡ ಹೀಗೇ.

ಶಾಲೆಯಲ್ಲಿ ಬಾಯಿಪಾಠ ಮಾಡಿದ ವಿಭಕ್ತಿಗಳಲ್ಲಿ ‘ಇಂದ’, ‘ದೆಸೆಯಿಂದ’, ‘ಅಲ್ಲಿ’ ಮೂರನ್ನೂ ಒಂದೇ ಚೀಲಕ್ಕೆ ತುಂಬಿ, ಆ ಚೀಲದ ಮೇಲೆ ಅಬ್ಲೇಟಿವ್ ಅಂತ ಬರೆಯಿರಿ, ಲ್ಯಾಟಿನ್‌ನಲ್ಲಿ ಮೂರಕ್ಕೂ ಅದೊಂದೇ ವಿಭಕ್ತಿ. ಗ್ಲದಿಓ ಅಂದರೆ ಕತ್ತಿಯಿಂದ, ಇನ್ ಸಿಲ್ವಾ ಅಂದರೆ ಕಾಡಿನಲ್ಲಿ. ಆದರೆ ಇನ್ ಸಿಲ್ವಮ್ ಅಂದರೆ ಕಾಡಿನ ಒಳಕ್ಕೆ. ನಪುಂಸಕ ಪದಗಳಿಗೆ ‘ಉ’, ‘ಅನ್ನು’ ಎರಡೂ ಒಂದೇ ರೂಪ. ಹೆದರಬೇಡಿ, ನಾವೂ ‘ಮರ ಕಡಿದ’, ‘ಪುಸ್ತಕ ಓದಿದೆ’ ಅಂತ ‘ಅನ್ನು’ ನುಂಗಿಯೇ ಮಾತಾಡುವುದು, ಅಲ್ವಾ.

ಕನ್ನಡ ಕೈ ಕೊಡುವ ಜಾಗವೂ ಒಂದಿದೆ. ನಮ್ಮ ‘ದೊಡ್ಡ’ ಯಾವತ್ತೂ ‘ದೊಡ್ಡ’, ಪಕ್ಕದ ಪದಕ್ಕೇ ಅಂಟಿಕೊಂಡಿರುತ್ತದೆ. ‘ಮಗ್ನಮ್ ನೌತ ನಾವೆಮ್ ವಿದೆತ್’ ನೋಡಿ ‘ದೊಡ್ಡ ನಾವಿಕ’ ಅಂದುಬಿಟ್ಟಿದ್ದೆ. ದೊಡ್ಡದು ನಾವೆ. ಮಗ್ನಮ್‌ಗೂ ‘ಅನ್ನು’, ನಾವೆಮ್‌ಗೂ ‘ಅನ್ನು’. ವಿಶೇಷಣಕ್ಕೂ ಪ್ರತ್ಯಯ ಬರೆದರೆ ಜೋಡಿ ತಾನಾಗೇ ಕಾಣುತ್ತದೆ.

ಇನ್ನೊಂದು, ದಯವಿಟ್ಟು ಪದಗಳನ್ನು ಕನ್ನಡ ಲಿಪಿಯಲ್ಲೇ ಬರೆದುಕೊಳ್ಳಿ. ವೆನಿತ್ ಅಂದರೆ ಬರುತ್ತಾನೆ, ವೇನಿತ್ ಅಂದರೆ ಬಂದನು. ಅನುಸ್ ಅಂದರೆ ಮುದುಕಿ, ಅನ್ನುಸ್ ಅಂದರೆ ವರ್ಷ. ಎ–ಏ, ಒ–ಓ ಬೇರೆ ಬೇರೆ ಇರುವ ಲಿಪಿ ನಮ್ಮದು. ಹಿಂದಿಯವರಿಗೆ ಈ ಅನುಕೂಲ ಇಲ್ಲ. ರೋಮನ್ ಲಿಪಿಯಲ್ಲಿ ದೀರ್ಘ ತೋರಿಸಲು ಅಕ್ಷರದ ಮೇಲೆ ಹಾಕುವ ಗೆರೆ ಇಲ್ಲದೆ ಛಾಪಿಸಿರುವ ಪಾಠ ಸಿಕ್ಕಿದರೆ ಶುರುವಿನಲ್ಲಿ ಮುಟ್ಟಲೇಬೇಡಿ.

ನಿಘಂಟಿಗೆ ವಿಕ್ಷನರಿ ಸಾಕು, ಗೆರೆ ಸಮೇತ ಎಲ್ಲಾ ರೂಪಗಳ ಪಟ್ಟಿ ಇರುತ್ತದೆ. ವಿಟಕರ್ಸ್ ವರ್ಡ್ಸ್ ಅನ್ನುವ ಲ್ಯಾಟಿನ್ ನಿಘಂಟು ತಂತ್ರಾಂಶದಲ್ಲಿ ಪದ ಬೇಗ ಸಿಗುತ್ತದೆ, ಆದರೆ ಅದು ಗೆರೆ ತೋರಿಸುವುದಿಲ್ಲ. 1879ರ ದೊಡ್ಡ ಲ್ಯಾಟಿನ್ ನಿಘಂಟು ಲೂಯಿಸ್ ಅಂಡ್ ಶಾರ್ಟ್‌ನ ಪಿಡಿಎಫ್ ಯಾರೋ ಕಳಿಸಿದರು ಅಂತ ಅದರಲ್ಲಿ ಮುಳುಗಬೇಡಿ, ಒಂದು ಪದಕ್ಕೆ ಅರ್ಧ ಗಂಟೆ ಹೋಗುತ್ತದೆ. ಗೂಗಲ್ ಟ್ರಾನ್ಸ್‌ಲೇಟ್‌ಗೆ ಹಾಕಿ ‘ಸರಿ ಇದೆಯಾ’ ಅಂತ ಇಲ್ಲಿ ಕೇಳುವವರಿಗೆ ನಾನು ಉತ್ತರ ಕೊಡುವುದನ್ನೇ ನಿಲ್ಲಿಸಿದ್ದೇನೆ. ಎರಡು ತಿಂಗಳಿಗೇ ರೋಮನ್ ಸೇನಾಪತಿ ಸೀಸರ್ ಬರೆದದ್ದಕ್ಕೆ ಕೈ ಹಾಕುವವರಿಗೂ ಅಷ್ಟೇ. ಅವನು ತನ್ನನ್ನೇ ‘ಅವನು’ ಅಂತ ಕರೆದುಕೊಳ್ಳುವ ಮನುಷ್ಯ. ಯಾರು ಯಾರಿಗೆ ಹೇಳಿದರು ಅಂತ ಬಿಡಿಸುವುದರಲ್ಲೇ ಸಾಕಾಗಿ ಹೋಗುತ್ತದೆ.

ವಾಕ್ಯ ಬೇಜಾರಾದ ದಿನ ಗಿಡದ ಹೆಸರು ಬಿಡಿಸಿ. ನಾನು ಲ್ಯಾಟಿನ್‌ಗೆ ಬಂದದ್ದೇ ಆ ದಾರಿಯಲ್ಲಿ. ಹೊಸ ಗಿಡದ ವಿವರಣೆ ಲ್ಯಾಟಿನ್‌ನಲ್ಲೇ ಇರಬೇಕು ಅನ್ನುವ ನಿಯಮ 2011ರ ಕೊನೆಯವರೆಗೂ ಇತ್ತು. ಹುಣಸೆ ತಮರಿಂಡಸ್ ಇಂಡಿಕ, ಅರಳಿ ಫೈಕಸ್ ರಿಲಿಜಿಯೋಸ. ಮೊದಲ ಪದದ ಕೊನೆ ಅಸ್, ಎರಡನೆಯದರ ಕೊನೆ ಅ, ಯಾಕೆ ಅಂತ ತಲೆ ಕೆಡಿಸಿಕೊಂಡಿದ್ದೆ. ಲ್ಯಾಟಿನ್‌ನಲ್ಲಿ ಮರಗಳು ಸಾಮಾನ್ಯವಾಗಿ ಹೆಣ್ಣು! ಹಲಸಿನ ಹತ್ತಿರ ಮಾತ್ರ ಈ ನಿಯಮ ತಗೊಂಡು ಹೋಗಬೇಡಿ, ಅದು ಆರ್ಟೋಕಾರ್ಪಸ್ ಹೆಟೆರೋಫಿಲ್ಲಸ್. ಹೆಸರು ಗ್ರೀಕ್ ಮೂಲದ್ದು, ಗಂಡು.