ಚಿತ್ರದಲ್ಲಿರುವ ಅಕ್ಷರ ಗುರುತಿಸಿ ಪಠ್ಯ ಮಾಡಿಕೊಡುವ ಟೆಸ್ಸರಾಕ್ಟ್ ತಂತ್ರಾಂಶವನ್ನು ಉಬುಂಟು ಲಿನಕ್ಸ್‌ನಲ್ಲಿ ಸೋರ್ಸ್‌ನಿಂದಲೇ (ಮೂಲ ಕೋಡ್‌ನಿಂದ) ಹಾಕಿದೆ, ಕನ್ನಡ ಚೆನ್ನಾಗಿ ಓದಬೇಕಾದರೆ ಹಾಗೇ ಹಾಕಬೇಕಲ್ಲ. ಕಂಪೈಲ್ ಆಯಿತು (ಕೋಡ್ ಪ್ರೋಗ್ರಾಂ ಆಯಿತು), ಆದರೆ ಸ್ಕ್ಯಾನ್ ಮಾಡಿದ ಕನ್ನಡ ಪುಟ ಓದುತ್ತಿಲ್ಲ. ಪಿಎನ್‌ಜಿ ಚಿತ್ರ ಕೊಟ್ಟರೆ ‘ಫಂಕ್ಷನ್ ನಾಟ್ ಪ್ರೆಸೆಂಟ್’ ಅಂತ ಬರುತ್ತಿದೆ. ಉಬುಂಟುವನ್ನೇ ಮತ್ತೆ ಹಾಕಬೇಕಾ?

ಉಬುಂಟು ಮುಟ್ಟಬೇಡಿ. ಟೆಸ್ಸರಾಕ್ಟನ್ನೂ ಮತ್ತೆ ಕಂಪೈಲ್ ಮಾಡಬೇಡಿ. ಪಿಎನ್‌ಜಿ ಕೊಟ್ಟರೆ ‘ಫಂಕ್ಷನ್ ನಾಟ್ ಪ್ರೆಸೆಂಟ್’ ಅಂತ ಬರುತ್ತಿದೆ ಎಂದು ಬರೆದಿದ್ದೀರಲ್ಲ, ಅದೇ ಸಾಲು 2019ರಲ್ಲಿ ನನ್ನ ಎರಡು ರಾತ್ರಿಯ ನಿದ್ದೆ ಕೆಡಿಸಿತ್ತು.

ಅಪ್ಪ ಜೋಪಾನ ಮಾಡಿದ್ದ ಹಳೆಯ ಮಾಸಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಯೂನಿಕೋಡ್‌ಗೆ ತರಬೇಕಿತ್ತು. ಉಬುಂಟು 18.04ರಲ್ಲಿ ಸಿಗುತ್ತಿದ್ದದ್ದು ಟೆಸ್ಸರಾಕ್ಟ್ 4.0ರ ಬೀಟಾ. ಅಷ್ಟರಲ್ಲಿ 4.1 ಬಂದಿತ್ತು, ಅದೇ ಬೇಕು ಅಂತ ಸೋರ್ಸ್ ಇಳಿಸಿಕೊಂಡೆ. ಅದಕ್ಕೂ ಮೊದಲು ಲೆಪ್ಟೋನಿಕಾ ಬೇಕು. ಚಿತ್ರದ ಫೈಲ್ ತೆರೆದು ಟೆಸ್ಸರಾಕ್ಟ್‌ಗೆ ಕೊಡುವ ಲೈಬ್ರರಿ ಅದು. ಅದನ್ನೂ ಸೋರ್ಸ್‌ನಿಂದಲೇ ಹಾಕಿದೆ. ಕಾನ್ಫಿಗರ್ (ಬೇಕಾದ್ದೆಲ್ಲ ಇದೆಯಾ ಎಂದು ನೋಡುವುದು), ಮೇಕ್ (ಕಂಪೈಲ್ ಮಾಡುವುದು), ಸುಡೊ ಮೇಕ್ ಇನ್‌ಸ್ಟಾಲ್ (ಸಿಸ್ಟಮ್‌ಗೆ ಹಾಕುವುದು). ಒಂದೂ ಎರರ್ ಇಲ್ಲ.

ತಪ್ಪಾಗಿದ್ದು ಅಲ್ಲೇ. ಕಾನ್ಫಿಗರ್ ಓಡುವಾಗ ಸಾಲುಗಳು ಸರಸರ ಹೋಗುತ್ತವೆ, ನಾನು ಓದಲಿಲ್ಲ. ಅದರ ನಡುವೆ ಪಿಎನ್‌ಜಿ, ಜೆಪೆಗ್, ಟಿಫ್ ಎಂಬ ಮೂರು ಬಗೆಯ ಚಿತ್ರ ತೆರೆಯುವ ಲೈಬ್ರರಿಗಳಿಗೂ ‘ನೋ’ ಅಂತ ಬಂದು ಹೋಗಿತ್ತು. ಲೆಪ್ಟೋನಿಕಾಗೆ ಇವು ಕಡ್ಡಾಯ ಅಲ್ಲ. ಸಿಗದಿದ್ದರೆ ಅದು ನಿಲ್ಲುವುದಿಲ್ಲ. ಆ ಜಾಗದಲ್ಲಿ ಹೆಸರಿಗೊಂದು ಖಾಲಿ ಫಂಕ್ಷನ್ ಇಟ್ಟು ಮುಂದೆ ಹೋಗುತ್ತದೆ. ಕಂಪೈಲರ್‌ಗೂ ತಕರಾರಿಲ್ಲ. ಕಂಪ್ಯೂಟರ್‌ನಲ್ಲಿ ಫೋಟೊ ತೆರೆಯುತ್ತಿತ್ತು, ಹಾಗಾಗಿ ಪಿಎನ್‌ಜಿ ಲೈಬ್ರರಿ ಇದ್ದೇ ಇದೆ ಅಂದುಕೊಂಡಿದ್ದೆ. ಇತ್ತು, ನಿಜ. ಆದರೆ ಪ್ರೋಗ್ರಾಂ ಓಡಲು ಬೇಕಾದ ಲೈಬ್ರರಿ ಬೇರೆ, ಕಂಪೈಲ್ ಮಾಡಲು ಬೇಕಾದ ಹೆಡರ್ ಫೈಲ್ (ಆ ಲೈಬ್ರರಿಯಲ್ಲಿ ಏನೇನು ಫಂಕ್ಷನ್ ಇದೆ ಎಂದು ಕಂಪೈಲರ್‌ಗೆ ಹೇಳುವ ಫೈಲ್) ಬೇರೆ. ಉಬುಂಟುವಿನಲ್ಲಿ ಹೆಡರ್ ಇರುವುದು ಹೆಸರಿನ ಕೊನೆಗೆ ‘ಡೆವ್’ ಅಂತ ಇರುವ ಪ್ಯಾಕೇಜಿನಲ್ಲಿ. ಅದನ್ನು ನಾನು ಹಾಕಿರಲಿಲ್ಲ. ಇದು ತಿಳಿಯದೆ ಟೆಸ್ಸರಾಕ್ಟನ್ನು ನಾಲ್ಕು ಸಲ ಕಂಪೈಲ್ ಮಾಡಿದೆ. ಅದನ್ನು ಎಷ್ಟು ಸಲ ಮಾಡಿದರೂ ಲೆಪ್ಟೋನಿಕಾ ಬದಲಾಗುವುದಿಲ್ಲ, ಅಲ್ವಾ?

ಟೆಸ್ಸರಾಕ್ಟ್‌ನ ವರ್ಷನ್ ಕೇಳಿ ನೋಡಿ. ಮೊದಲ ಸಾಲಿಗೇ ನಿಲ್ಲಬೇಡಿ. ಲೆಪ್ಟೋನಿಕಾದ ಕೆಳಗೆ ಲಿಬ್‌ಪಿಎನ್‌ಜಿ, ಲಿಬ್‌ಟಿಫ್ ಹೆಸರು ಕಾಣಬೇಕು. ಇಲ್ಲದಿದ್ದರೆ ಆ ಡೆವ್ ಪ್ಯಾಕೇಜುಗಳನ್ನು ಹಾಕಿ, ಲೆಪ್ಟೋನಿಕಾ ಫೋಲ್ಡರ್‌ನಲ್ಲಿ ಮೇಕ್ ಕ್ಲೀನ್ ಕೊಟ್ಟು ಹಳೆಯ ಕಂಪೈಲ್ ಅಳಿಸಿ, ಕಾನ್ಫಿಗರ್‌ನಿಂದ ಶುರು ಮಾಡಿ. ಕೊನೆಗೆ, ಹೊಸ ಲೈಬ್ರರಿ ಸಿಸ್ಟಮ್‌ಗೆ ಗೊತ್ತಾಗಲು, ಸುಡೊ ಎಲ್‌ಡಿಕಾನ್ಫಿಗ್ ಬೇಕೇ ಬೇಕು.

ಕನ್ನಡ ಚೆನ್ನಾಗಿ ಓದಬೇಕಾದರೆ ಸೋರ್ಸ್‌ನಿಂದಲೇ ಹಾಕಬೇಕು ಎಂದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಅಷ್ಟೆಲ್ಲ ಮಾಡಿದ ಮೇಲೂ ನನ್ನ ಪುಟಗಳಲ್ಲಿ ಒತ್ತಕ್ಷರಗಳು ಮೊದಲಿನಷ್ಟೇ ತಪ್ಪು ಬರುತ್ತಿದ್ದವು. ಕನ್ನಡ ಅಕ್ಷರ ಗುರುತಿಸುವ ಕಲಿಕೆಯೆಲ್ಲ ಇರುವುದು ಕನ್ನಡದ ಟ್ರೇನ್ಡ್‌ಡೇಟಾ ಫೈಲಿನಲ್ಲಿ. ಅದನ್ನು ಬೇರೆಯಾಗಿಯೇ ಇಳಿಸಿಕೊಳ್ಳಬಹುದು. ‘ಟೆಸ್‌ಡೇಟಾ ಬೆಸ್ಟ್’ ಎಂಬ ಸಂಗ್ರಹದ ಕನ್ನಡ ಫೈಲ್ ಹಾಕಿ, ಪುಟಗಳನ್ನು 300 ಡಿಪಿಐಯಲ್ಲಿ (ಇಂಚಿಗೆ 300 ಚುಕ್ಕೆ) ಮತ್ತೆ ಸ್ಕ್ಯಾನ್ ಮಾಡಿದ ಮೇಲೆ ತಪ್ಪುಗಳು ತುಂಬಾ ಇಳಿದವು. ನಿಮ್ಮದು ಉಬುಂಟು 24.04 ತಾನೆ? ಅದರಲ್ಲಿ ಆಪ್ಟ್ (ಸಿದ್ಧ ಪ್ಯಾಕೇಜ್ ಹಾಕುವ ಉಬುಂಟುವಿನ ಕಮಾಂಡ್) ಮೂಲಕವೇ ಟೆಸ್ಸರಾಕ್ಟ್ 5.3 ಸಿಗುತ್ತದೆ, ಕನ್ನಡದ ಪ್ಯಾಕೇಜೂ ಇದೆ. ನಾನಾಗಿದ್ದರೆ ಸೋರ್ಸ್‌ನಿಂದ ಹಾಕಿದ್ದನ್ನು ತೆಗೆದು ಅದನ್ನೇ ಹಾಕಿಕೊಳ್ಳುತ್ತಿದ್ದೆ. ಸೋರ್ಸ್ ಫೋಲ್ಡರ್ ಮಾತ್ರ ಈಗಲೇ ಅಳಿಸಬೇಡಿ, ಮೇಕ್ ಅನ್‌ಇನ್‌ಸ್ಟಾಲ್ ಕೊಡಲು ಅದು ಬೇಕು.