ಹಳೆ ಆಲ್ಟೊ ಮೈಲೇಜು: ಥರ್ಮೋಸ್ಟಾಟ್ ಎಲ್ಲಿ ಹೋಯಿತು?

ಪ್ರಶ್ನೆ: ನನ್ನದು 2008ರ ಆಲ್ಟೊ ಎಲ್‌ಎಕ್ಸ್‌ಐ, 1,12,000 ಕಿ.ಮೀ. ಓಡಿದೆ. ದಿನಾ ಗುಬ್ಬಿ–ತುಮಕೂರು ಓಡಾಟ. ಮೊದಲು ಲೀಟರಿಗೆ 17 ಬರುತ್ತಿತ್ತು, ಈಗ 13. ಅಗಲ ಟೈರು, ಹೊಸ ತರದ ಏರ್ ಫಿಲ್ಟರ್, ಪೆಟ್ರೋಲ್ ಪೈಪಿಗೆ ಮ್ಯಾಗ್ನೆಟ್ ಹಾಕಿಸಿ ಅಂತ ಗ್ಯಾರೇಜಿನವರು ಹೇಳುತ್ತಿದ್ದಾರೆ. ಯಾವುದು ಹಾಕಿಸಲಿ?

ಉತ್ತರ: ಮೂರೂ ಬೇಡ. ನಿಮ್ಮ ಕಾರಿಗೆ ಹೊಸದಾಗಿ ಏನನ್ನೂ ಸೇರಿಸಬೇಕಿಲ್ಲ. ಇಷ್ಟು ವರ್ಷಗಳಲ್ಲಿ ಯಾರ್ಯಾರೋ ಕಿತ್ತು ಬಿಸಾಕಿದ್ದನ್ನು ವಾಪಸ್ ಹಾಕಿಸಬೇಕು.

ಮೊದಲು ಲೆಕ್ಕ ಸರಿ ಮಾಡಿಕೊಳ್ಳಿ. ಒಂದೇ ಬಂಕಿನಲ್ಲಿ, ನಾಜಲ್ ತಾನಾಗಿ ಕಟ್ ಆಗುವವರೆಗೆ ತುಂಬಿಸಿ. ರೌಂಡ್ ಫಿಗರ್ ಮಾಡಲೆಂದು ಮೇಲೆ ಒಂದು ಹನಿಯೂ ಹಾಕಿಸಬೇಡಿ. ಅಲ್ಲಿಂದ ಕಿ.ಮೀ. ಎಣಿಸಿ, ಹೀಗೇ ಇನ್ನೂ ಮೂರು ಸಲ ತುಂಬಿಸಿದ ಮೇಲೆ ಒಟ್ಟು ಕಿ.ಮೀ.ಯನ್ನು ಆ ಮೂರು ಸಲದ ಒಟ್ಟು ಲೀಟರಿನಿಂದ ಭಾಗಿಸಿ. ಇನ್ನೊಂದು ಮಾತು: ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ ಶೇ 20 ಎಥೆನಾಲ್ ಬೆರೆತ ಪೆಟ್ರೋಲ್. ಲೀಟರಿಗೆ ಅದರ ಶಕ್ತಿಯೇ ಶುದ್ಧ ಪೆಟ್ರೋಲಿಗಿಂತ ಶೇ 6–7 ಕಡಿಮೆ. ಹಾಗಾಗಿ ಹಳೇ 17 ಇವತ್ತಿಗೆ 16. ಕಳೆದುಹೋದ ನಾಲ್ಕರಲ್ಲಿ ಒಂದು ಕಿ.ಮೀ. ಪೆಟ್ರೋಲಿನ ಪಾಲು, ಉಳಿದ ಮೂರನ್ನು ಕಾರಿನಲ್ಲೇ ಹುಡುಕಬೇಕು.

ಹುಡುಕಾಟ ಥರ್ಮೋಸ್ಟಾಟಿನಿಂದ ಶುರುವಾಗಲಿ; ಎಂಜಿನ್ ಸರಿಯಾದ ಶಾಖಕ್ಕೆ ಬರುವವರೆಗೆ ಅದನ್ನು ತಣಿಸುವ ಕೂಲಂಟ್ ದ್ರವ ರೇಡಿಯೇಟರಿಗೆ ಹೋಗದಂತೆ ತಡೆಯುವ ಪುಟ್ಟ ವಾಲ್ವ್ ಅದು. ಎಂಜಿನ್ ಒಮ್ಮೆ ಮಿತಿಮೀರಿ ಬಿಸಿಯಾಯಿತೆಂದರೆ ಥರ್ಮೋಸ್ಟಾಟನ್ನು ತೆಗೆದು ಎಸೆಯುವುದು ನಮ್ಮ ಕಡೆ ಅನೇಕ ಮೆಕ್ಯಾನಿಕ್‌ಗಳ ಅಭ್ಯಾಸ. ಜೊತೆಗೆ ರೇಡಿಯೇಟರ್ ಫ್ಯಾನನ್ನು ‘ಡೈರೆಕ್ಟ್’ ಮಾಡಿಬಿಡುತ್ತಾರೆ, ಕೀ ತಿರುಗಿಸಿದರೆ ಸಾಕು ಫ್ಯಾನ್ ಓಡುತ್ತಲೇ ಇರುತ್ತದೆ. ಕಾರು ಬಿಸಿಯಾಗುವುದು ನಿಲ್ಲುತ್ತದೆ ನಿಜ, ಆದರೆ ಎಂಜಿನ್ ತನ್ನ ಸರಿಯಾದ ಶಾಖಕ್ಕೂ ಬರುವುದಿಲ್ಲ. ಎಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡ ಇಸಿಎಂ (ಎಂಜಿನ್ನಿಗೆ ಪೆಟ್ರೋಲ್ ಅಳೆದು ಕೊಡುವ ಕಂಪ್ಯೂಟರ್), ಚಳಿಗಾಲದ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕೊಡುವಂತೆ ದಾರಿಯುದ್ದಕ್ಕೂ ಹೆಚ್ಚು ಪೆಟ್ರೋಲ್ ಸುರಿಯುತ್ತದೆ. ನಿಮ್ಮದು 20 ಕಿ.ಮೀ. ಆಸುಪಾಸಿನ ಓಡಾಟ, ಎಂಜಿನ್ ಬೆಚ್ಚಗಾಗುವ ಹೊತ್ತಿಗೆ ಆಫೀಸು ಬಂದಿರುತ್ತದೆ.

ಪರೀಕ್ಷೆಗೆ ಸ್ಪ್ಯಾನರ್ ಬೇಕಿಲ್ಲ. ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಬಾನೆಟ್ ಎತ್ತಿ, ರೇಡಿಯೇಟರಿನ ಮೇಲ್ಭಾಗಕ್ಕೆ ಬರುವ ದಪ್ಪ ರಬ್ಬರ್ ಹೋಸ್ ಮೇಲೆ ಬೆರಳಿಡಿ. ಫ್ಯಾನು, ಬೆಲ್ಟಿನಿಂದ ಕೈ ದೂರ ಇರಲಿ. ಥರ್ಮೋಸ್ಟಾಟ್ ಸರಿಯಿದ್ದರೆ ಹೋಸ್ ಹಲವು ನಿಮಿಷ ತಣ್ಣಗೇ ಇದ್ದು, ಆಮೇಲೆ ಒಮ್ಮೆಲೇ ಕೈ ಸುಡುವಷ್ಟು ಬಿಸಿಯಾಗುತ್ತದೆ. ಮೊದಲಿನಿಂದಲೇ ನಿಧಾನವಾಗಿ ಉಗುರುಬೆಚ್ಚಗಾಗುತ್ತ ಹೋದರೆ ಒಳಗೆ ಥರ್ಮೋಸ್ಟಾಟ್ ಇಲ್ಲ, ಅಥವಾ ತೆರೆದೇ ಕೂತಿದೆ. ಹೊಸದಕ್ಕೆ ಕೆಲವು ನೂರು ರೂಪಾಯಿ. ಹಾಕಿಸುವಾಗ ಗ್ಯಾಸ್ಕೆಟ್ಟೂ ಹೊಸದಿರಲಿ, ಕೂಲಂಟಿಗೆ ನಲ್ಲಿ ನೀರಿನ ಬದಲು ಡಿಸ್ಟಿಲ್ಡ್ ವಾಟರ್ ಬೆರೆಸಲಿ, ಸಿಸ್ಟಮ್ಮಿನ ಗಾಳಿ ಪೂರ್ತಿ ತೆಗೆಯಲಿ. ಗಾಳಿ ಉಳಿದರೆ ಎಂಜಿನ್ ಮತ್ತೆ ಬಿಸಿಯಾಗಿ ಬೈಗುಳ ಥರ್ಮೋಸ್ಟಾಟಿಗೇ ಬೀಳುತ್ತದೆ. ಆದರೆ ಅಂದು ಅದನ್ನು ಯಾಕೆ ತೆಗೆದರು ಎಂಬುದನ್ನು ಮೊದಲು ವಿಚಾರಿಸಿ. ರೇಡಿಯೇಟರ್ ಕಟ್ಟಿಕೊಂಡಿದ್ದರೆ ಅದರ ರಿಪೇರಿಯೂ ಜೊತೆಗೇ ಆಗಬೇಕು. ಫ್ಯಾನಿನ ವೈರಿಂಗನ್ನೂ ಮೊದಲಿನಂತೆ ಮಾಡಿಸಿ.

ಹಾಗೂ ಸರಿಹೋಗದಿದ್ದರೆ ಕೂಲಂಟ್ ಟೆಂಪರೇಚರ್ ಸೆನ್ಸರ್ ನೋಡಿಸಿ. ಅನೇಕ ಕಾರುಗಳಲ್ಲಿ ಮೀಟರಿನ ಮುಳ್ಳಿಗೊಂದು, ಇಸಿಎಂಗೊಂದು ಸೆನ್ಸರ್ ಬೇರೆಬೇರೆ ಇರುತ್ತವೆ. ಮುಳ್ಳು ಸರಿಯಿದೆ ಎಂದು ನೆಚ್ಚಿಕೊಳ್ಳುವಂತಿಲ್ಲ. ಇಸಿಎಂ ಸೆನ್ಸರ್ ಮಲ್ಟಿಮೀಟರಿನಲ್ಲಿ 20 ಡಿಗ್ರಿಗೆ ಸುಮಾರು 2–3 ಕಿಲೋಓಮ್, 80 ಡಿಗ್ರಿಗೆ ಸುಮಾರು 300 ಓಮ್ ತೋರಿಸಬೇಕು. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆದು ಇಸಿಎಂಗೆ ತಿಳಿಸುವ ಆಕ್ಸಿಜನ್ ಸೆನ್ಸರಿನ ವೋಲ್ಟೇಜು ಬಿಸಿ ಎಂಜಿನ್ನಿನಲ್ಲಿ 0.1ರಿಂದ 0.9ರ ನಡುವೆ ಮೇಲೆ ಕೆಳಗೆ ಓಡಾಡುತ್ತಿರಬೇಕು. ಒಂದೇ ಕಡೆ ಅಂಟಿ ನಿಂತಿದ್ದರೆ ಸೆನ್ಸರ್ ಸತ್ತಿರಬಹುದು. ಬದಲಿಸುವ ಮೊದಲು ವೈರಿಂಗ್ ಮತ್ತು ಸೈಲೆನ್ಸರ್ ಲೀಕ್ ನೋಡಿಸಿ.

ಮುಂದಿನದು ಬ್ರೇಕ್. ಹತ್ತು ಕಿ.ಮೀ. ಓಡಿಸಿ, ಕೊನೆಯಲ್ಲಿ ಬ್ರೇಕ್ ಆದಷ್ಟು ಕಡಿಮೆ ತುಳಿದು ನಿಲ್ಲಿಸಿ, ನಾಲ್ಕೂ ಚಕ್ರದ ರಿಮ್ಮಿನ ಹತ್ತಿರ ಕೈ ಹಿಡಿದು ನೋಡಿ. ಮುಂದಿನ ಚಕ್ರಗಳಲ್ಲಿ ಎಡಕ್ಕಿಂತ ಬಲ ಸುಡುತ್ತಿದ್ದರೆ ಬಲಗಡೆ ಕ್ಯಾಲಿಪರಿನ (ಬ್ರೇಕ್ ಡಿಸ್ಕನ್ನು ಅದುಮಿ ಹಿಡಿಯುವ ಭಾಗ) ಪಿನ್ ಜಾಮ್ ಆಗಿರಬಹುದು. ಪಿನ್ ಉಜ್ಜಿ, ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ಹಚ್ಚಿಸಿ. ಸಾಮಾನ್ಯ ಗ್ರೀಸ್ ಹಚ್ಚಿದರೆ ರಬ್ಬರ್ ಊದಿಕೊಂಡು ಮತ್ತೆ ಹಿಡಿಯುತ್ತದೆ. ಹಿಂದಿನ ಎರಡೂ ಬಿಸಿಯಾಗಿದ್ದರೆ ಹ್ಯಾಂಡ್‌ಬ್ರೇಕ್ ಕೇಬಲ್ ಬಿಗಿಯಾಗಿರಬಹುದು.

ಇನ್ನು ಗ್ಯಾರೇಜಿನವರ ಪಟ್ಟಿ. ನಿಮ್ಮ ಟೈರಿನ ಅಳತೆ 145/80 ಆರ್12. 165/65 ಆರ್13 ಹಾಕಿದರೆ ಭಾರವೂ ಉಜ್ಜಾಟವೂ ಹೆಚ್ಚು. ಸುತ್ತಳತೆ ಶೇ 1.5ರಷ್ಟು ದೊಡ್ಡದಾಗುವುದರಿಂದ ಮೀಟರು 100 ತೋರಿಸುವಾಗ ಕಾರು 101.5 ಕಿ.ಮೀ. ಓಡಿರುತ್ತದೆ, ಲೆಕ್ಕವೂ ಕೆಡುತ್ತದೆ. ಅದರ ಬದಲು ಕಾರಿನ ಸ್ಟಿಕ್ಕರಿನಲ್ಲಿರುವಷ್ಟು ಗಾಳಿಯನ್ನು ಟೈರು ತಣ್ಣಗಿರುವಾಗ ತುಂಬಿಸಿ. 2 ಪಿಎಸ್‌ಐ ಹೆಚ್ಚಾದರೂ ತೊಂದರೆಯಿಲ್ಲ. ಏರ್ ಫಿಲ್ಟರ್ ಕೊಳೆಯಾದರೆ ನಿಮ್ಮದರಂಥ ಎಂಪಿಎಫ್‌ಐ (ಇಂಜೆಕ್ಟರ್‌ಗಳಿಂದ ಪೆಟ್ರೋಲ್ ಸಿಂಪಡಿಸುವ) ಕಾರಿನಲ್ಲಿ ಪಿಕಪ್ ಇಳಿಯುತ್ತದೆಯೇ ಹೊರತು ಮೈಲೇಜು ಅಷ್ಟಾಗಿ ಕೆಡುವುದಿಲ್ಲ; ಬಂದ ಗಾಳಿಗೆ ತಕ್ಕಷ್ಟೇ ಪೆಟ್ರೋಲನ್ನು ಇಸಿಎಂ ಕೊಡುತ್ತದೆ. ಕಾರ್ಬುರೇಟರ್ ಕಾಲದ ಸಲಹೆ ಅದು. ಮ್ಯಾಗ್ನೆಟ್ಟನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಳ್ಳಿ. ಕಾರಿನ ಮೇಲೆ ಖಾಲಿ ಕ್ಯಾರಿಯರ್ ಇದ್ದರೆ ಬಿಚ್ಚಿಡಿ. ಹಳೇ ಎಂಜಿನ್ನಿಗೆ ದಪ್ಪ ಎಣ್ಣೆ ಎಂದು 20ಡಬ್ಲ್ಯು-50 ಹಾಕಿಸುತ್ತಿದ್ದರೆ, ಹೊಗೆ ಬರದ, ಎಣ್ಣೆ ಕುಡಿಯದ ಎಂಜಿನ್ನಿಗೆ ಕೈಪಿಡಿಯಲ್ಲಿರುವ ಗ್ರೇಡಿಗೆ ಮರಳಿ. ಇ20 ಕಾರಣಕ್ಕೆ ಪೆಟ್ರೋಲ್ ಹೋಸ್‌ಗಳನ್ನೂ ಒಮ್ಮೆ ಬಗ್ಗಿಸಿ ನೋಡಿಸಿ. ಬಿರುಕು ಕಂಡರೆ ಅದು ಮೈಲೇಜಿನ ವಿಷಯವಲ್ಲ, ಬೆಂಕಿಯ ವಿಷಯ. ಅಂದೇ ಬದಲಿಸಿ.

ಪ್ರಶ್ನೆ: ಚಾರ್ಮಾಡಿ ಘಾಟಿ ಇಳಿಯುವಾಗ ನ್ಯೂಟ್ರಲ್ ಮಾಡಿ, ಕೆಲವೊಮ್ಮೆ ಎಂಜಿನ್ ಆಫ್ ಮಾಡಿಯೂ ಇಳಿಸುತ್ತೇನೆ. ನನ್ನದು ಹಳೆ ವ್ಯಾಗನ್‌ಆರ್. ಪೆಟ್ರೋಲ್ ಉಳಿಯುತ್ತದಲ್ಲವೇ?

ಉತ್ತರ: ನ್ಯೂಟ್ರಲ್‌ನಲ್ಲಿ ಉಳಿಯುವುದಿಲ್ಲ, ಖರ್ಚಾಗುತ್ತದೆ. ಗೇರಿನಲ್ಲಿದ್ದು ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ, ಚಕ್ರಗಳೇ ಎಂಜಿನ್ ತಿರುಗಿಸುತ್ತಿರುವುದರಿಂದ ಇಸಿಎಂ ಇಂಜೆಕ್ಟರ್‌ಗಳನ್ನು ಮುಚ್ಚಿಬಿಡುತ್ತದೆ; ಎಂಜಿನ್ನಿನ ವೇಗ ಐಡಲ್ (ನಿಂತ ಕಾರಿನಲ್ಲಿ ಎಂಜಿನ್ ಸುಮ್ಮನೆ ಓಡುವ ವೇಗ) ಹತ್ತಿರಕ್ಕೆ ಇಳಿಯುವವರೆಗೆ ಪೆಟ್ರೋಲೇ ಇಲ್ಲ. ನ್ಯೂಟ್ರಲ್ ಮಾಡಿದ ತಕ್ಷಣ ಐಡಲ್‌ಗೆ ಬೇಕಾದಷ್ಟು ಮತ್ತೆ ಸುರಿಯತೊಡಗುತ್ತದೆ. ಆಫ್ ಮಾಡುವುದಂತೂ ಬೇಡವೇ ಬೇಡ. ಬ್ರೇಕ್ ತುಳಿತವನ್ನು ಹಗುರ ಮಾಡುವ ಬೂಸ್ಟರಿನ ವ್ಯಾಕ್ಯೂಮ್ ಎರಡು ಮೂರು ಸಲ ತುಳಿಯುವಷ್ಟರಲ್ಲಿ ಮುಗಿದು ಪೆಡಲ್ ಕಲ್ಲಾಗುತ್ತದೆ. ಪವರ್ ಸ್ಟೀರಿಂಗ್ ಇದ್ದರೆ ಅದೂ ಬಿಗಿ. ಹತ್ತಿದ ಗೇರಿನಲ್ಲೇ ಇಳಿಯಿರಿ.

ಪ್ರಶ್ನೆ: 2009ರ ಸ್ಯಾಂಟ್ರೊಗೆ ಸಿಎನ್‌ಜಿ ಕಿಟ್ ಹಾಕಿಸಬಹುದೇ?

ಉತ್ತರ: ಮೊದಲು ಕಂಪ್ರೆಷನ್ ಟೆಸ್ಟ್, ಅಂದರೆ ಎಂಜಿನ್ನಿನ ಪ್ರತಿ ಸಿಲಿಂಡರ್ ಎಷ್ಟು ಒತ್ತಡ ಕಟ್ಟುತ್ತದೆ ಎಂಬ ಪರೀಕ್ಷೆ. ಒಂದು ಸಿಲಿಂಡರ್ ಉಳಿದವುಗಳಿಗಿಂತ ಶೇ 10ಕ್ಕಿಂತ ಹೆಚ್ಚು ಕಡಿಮೆ ತೋರಿಸಿದರೆ ಕಿಟ್ಟಿನ ದುಡ್ಡು ಎಂಜಿನ್ನಿಗೆ ಇಡಿ. 60 ಲೀಟರ್ ಟ್ಯಾಂಕಿನಲ್ಲಿ ಹಿಡಿಯುವುದು 9–10 ಕೆ.ಜಿ. ಗ್ಯಾಸ್, ಡಿಕ್ಕಿ ಹೋದಂತೆಯೇ. ನಿಮ್ಮ ಮಾಡೆಲ್ಲಿಗೆ ಅನುಮೋದನೆ ಇರುವ ಕಿಟ್ಟೇ ಆಗಬೇಕು, ಆರ್‌ಸಿಯಲ್ಲಿ ಆರ್‌ಟಿಒ ನಮೂದಿಸಬೇಕು, ವಿಮಾ ಕಂಪನಿಗೆ ತಿಳಿಸಬೇಕು, ಟ್ಯಾಂಕಿಗೆ 3 ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ (ನೀರು ತುಂಬಿ ಒತ್ತಡ ಕೊಟ್ಟು ನೋಡುವ ಪರೀಕ್ಷೆ) ಮಾಡಿಸಬೇಕು. 15 ವರ್ಷ ದಾಟಿರುವುದರಿಂದ ಆರ್‌ಸಿ ನವೀಕರಣ ಆಗಿದೆಯೇ ಎಂದು ಮೊದಲು ನೋಡಿಕೊಂಡು ಆಮೇಲೆ ಕಿಟ್ಟಿಗೆ ಅಡ್ವಾನ್ಸ್ ಕೊಡಿ.